ಜಾತಿನಾಯಿಯ ಪ್ರದರ್ಶನ: ಹೊಸಬರಿಗೆ ಒಂದಿಷ್ಟು ಚರಿತ್ರೆ



ಸಂತೆಕಲ್ಲೂರು ಸಂತೆಯನ್ನು ಹೆಸರಿನಲ್ಲೇ ಹೊತ್ತ ಊರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಈ ಊರಿನ ಘನಮಠದ ಶಿವಯೋಗಿಗಳು 19ನೆಯ ಶತಮಾನದಲ್ಲಿಯೇ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಬೇಸಾಯದ ಗ್ರಂಥವನ್ನು ರಚಿಸಿದರು. ಒಕ್ಕಲುತನದ ಅನುಭವವು ಬಾಯಿಂದ ಬಾಯಿಗೆ ಸಾಗುತ್ತಿದ್ದ ಕಾಲದಲ್ಲಿ ಅದನ್ನು ಬರೆದಿಟ್ಟರು. ಇವತ್ತಿನ ನಮ್ಮ ಮಾತು ನಾಯಿಯದು. ಆದರೂ ಅವರನ್ನು ನೆನೆದು ಸುರು ಮಾಡುತ್ತೇನೆ. ಯಾಕಂದರೆ ಈ ಮಾತು ಕಡೆಗೆ ಬಂದು ನಿಲ್ಲುವುದು ಬರೆದಿಡುವ ಕೆಲಸದ ಹತ್ತಿರವೇ.

"ಒಂದು ಜಾತಿನಾಯಿ ಸಾಕಿ ಪ್ರದರ್ಶನಕ್ಕೆ ಒಯ್ಯಬೇಕಂತ ಆಸೆ ಐತ್ರಿ. ಎಲ್ಲಿಂದ ಸುರು ಮಾಡೂದು?" ಎಂದು ಕೇಳುವ ಹುಡುಗರು ಈಗ ಹಳ್ಳಿಗಳಲ್ಲಿಯೂ ಇದ್ದಾರೆ. ಅವರಿಗೆ ಮೊದಲ ಉತ್ತರ ಇದು: ಅರ್ಧ ವಿದ್ಯೆ ನಿಮ್ಮ ಮನೆಯಲ್ಲೇ ಉಂಟು. ಎತ್ತು ಕೊಳ್ಳುವಾಗ ನಿಮ್ಮ ತಂದೆ ಏನು ಮಾಡುತ್ತಾರೆ? ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಹಿಂದಿನಿಂದ ನೋಡುತ್ತಾರೆ. ನಾಯಿಯ ಪ್ರದರ್ಶನದಲ್ಲಿ ತೀರ್ಪುಗಾರನೂ ಅದನ್ನೇ ಮಾಡುತ್ತಾನೆ. ಉಳಿದರ್ಧವನ್ನು ಕಲಿಯಲು ಚರಿತ್ರೆಯನ್ನು ತುಸು ಕೆದಕಬೇಕು.

ಕನ್ನಡ ನಾಡಿನಲ್ಲಿ ಒಳ್ಳೆಯ ನಾಯಿಗೆ ಮರ್ಯಾದೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದ ಮೇಲೆ, ಮಣಲೇರನೆಂಬ ವೀರನಿಗೆ ಬಹುಮಾನ ಕೊಡುವ ಮಾತು ಬಂತು. ಆತ ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು! ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಒಡೆಯನು ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟನು. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ನಮಗೆ ಗೊತ್ತು. ಅದಕ್ಕಿಂತ ಗಟ್ಟಿ ನಾಯಿಗಳು ಆ ಕಾಲದಲ್ಲಿ ಎಷ್ಟಿದ್ದವೋ; ಅವುಗಳ ಹೆಸರು ಬರೆದವರಿಲ್ಲ, ಉಳಿದಿಲ್ಲ.

ಇನ್ನು ನಮಗೆ ಹತ್ತಿರದ ತಳಿಗೆ ಬರೋಣ. ಕೃಷ್ಣೆಯ ಬಯಲಿನಲ್ಲಿ ಮೇಲಕ್ಕೆ ಹೋದರೆ ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭೆಯ ದಂಡೆಗೆ ಮುಧೋಳ. ಅಲ್ಲಿಯ ನಾಯಿಯನ್ನು ನೀವು ನೋಡಿಯೇ ಇರುತ್ತೀರಿ: ಉದ್ದ ಮುಖ, ಒಳಸೆಳೆದ ಹೊಟ್ಟೆ, ಬಿಲ್ಲಿನಂಥ ಸೊಂಟ, ತೆಳ್ಳನೆ ನೀಳ ಕಾಲು. ಮೂಸಿ ಬೇಟೆ ಹಿಡಿಯುವ ಜಾತಿಯಲ್ಲ ಇದು. ದೂರದಿಂದ ಕಂಡು, ಓಡಿ ಹಿಡಿಯುವ ಜಾತಿ. ಪಶ್ಚಿಮ ಏಷ್ಯಾದ ಓಟದ ನಾಯಿಗಳ ರಕ್ತವು ವರ್ತಕರ ಮತ್ತು ದಂಡಾಳುಗಳ ಸಂಗಡ ದಖ್ಖಣಕ್ಕೆ ಬಂದು ಇಲ್ಲಿ ನೆಲೆಗೊಂಡಿತೆಂದು ಬಲ್ಲವರು ಹೇಳುತ್ತಾರೆ. 'ಕಾರವಾನಿ' ಎಂಬ ಹೆಸರಿನ ಮೂಲವೂ ಅದೇ. ಈ ತಳಿಯನ್ನು ಕಾಪಾಡಿದವರು ಬೇಡರು, ಕುರಿಗಾರರು, ಹೊಲ ಕಾಯುವ ಒಕ್ಕಲು ಮಕ್ಕಳು. ಅವರ ಕೈಯಲ್ಲಿ ಪುಸ್ತಕವಿರಲಿಲ್ಲ. ಓಡದ ನಾಯಿಯ ಮರಿ ಬೇಡ, ಕಾಯದ ನಾಯಿಯ ಮರಿ ಬೇಡ, ಇಷ್ಟೇ ಕಾಯಿದೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳಿಗೆ ಆಸರೆ ಕೊಟ್ಟರು. ಬ್ರಿಟಿಷ್ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಒಪ್ಪಿಸಿದರೆಂದೂ, ಊರಿನ ಹೆಸರು ನಾಯಿಗೆ ಅಂಟಿಕೊಂಡದ್ದು ಅಂದಿನಿಂದಲೇ ಎಂದೂ ಹೇಳಿಕೆಯುಂಟು.

ಪ್ರದರ್ಶನವೆಂಬ ಪದ್ಧತಿ ಮಾತ್ರ ಇಂಗ್ಲೆಂಡಿನಿಂದ ಬಂದದ್ದು. 1859ರ ಜೂನ್ ತಿಂಗಳಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ಕಟ್ಟುನಿಟ್ಟಾದ ಮೊದಲ ನಾಯಿ ಪ್ರದರ್ಶನ ನಡೆಯಿತು. ಬಂದ ನಾಯಿಗಳು 60. ಪಾಯಿಂಟರ್, ಸೆಟರ್ ಎಂಬ ಎರಡೇ ಬೇಟೆ ಜಾತಿ. ಗೆದ್ದವರಿಗೆ ಬಹುಮಾನ ಒಂದೊಂದು ಬಂದೂಕು. ತಮಾಷೆ ಕೇಳ್ರಿ: ಪಾಯಿಂಟರ್‌ಗಳಲ್ಲಿ ಗೆದ್ದದ್ದು ಸೆಟರ್‌ಗಳ ತೀರ್ಪುಗಾರನೊಬ್ಬನ ನಾಯಿ, ಸೆಟರ್‌ಗಳಲ್ಲಿ ಗೆದ್ದದ್ದು ಪಾಯಿಂಟರ್‌ಗಳ ತೀರ್ಪುಗಾರನೊಬ್ಬನ ನಾಯಿ! ಇಂಥ ಪ್ರದರ್ಶನಗಳು ಬೆಳೆದಂತೆ, ಎಲ್ಲರಿಗೂ ಒಂದೇ ನಿಯಮ ಬೇಕೆಂದು 1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಹುಟ್ಟಿತು. ಅದು ಕೈ ಹಾಕಿದ ಮೊದಲ ದೊಡ್ಡ ಕೆಲಸ ವಂಶಾವಳಿಯ ಪುಸ್ತಕ. 1874ರಲ್ಲಿ ಬಂದ ಆ ಪುಸ್ತಕದಲ್ಲಿ 4,000ಕ್ಕೂ ಮಿಕ್ಕಿ ನಾಯಿಗಳ ಹೆಸರಿದ್ದವು. ನಮ್ಮ ದೇಶದಲ್ಲಿ ಕೆನೆಲ್ ಕ್ಲಬ್ ಆಫ್ ಇಂಡಿಯಾ 1896ರಲ್ಲಿ ಸ್ಥಾಪನೆಯಾಯಿತು. ಅದರ ಕಚೇರಿ ಚೆನ್ನೈಯಲ್ಲಿದೆ.

ಇಲ್ಲಿ ನಮ್ಮ ತಳಿಯ ಕಷ್ಟ ತಿಳಿಯುತ್ತದೆ. ಲ್ಯಾಬ್ರಡಾರಿಗೂ ಜರ್ಮನ್ ಶೆಫರ್ಡಿಗೂ ಅಜ್ಜ, ಮುತ್ತಜ್ಜನ ಹೆಸರು ಪುಸ್ತಕದಲ್ಲಿ ಉಂಟು. ಮುಧೋಳದ ಕಡೆಯ ಕುರಿಗಾರನ ನಾಯಿಗೆ ಅವರಷ್ಟೇ ಹಳೆಯ ವಂಶವಿದ್ದರೂ ಅದು ಮುದುಕರ ನೆನಪಿನಲ್ಲಿ ಮಾತ್ರ ಇತ್ತು. ಮುದುಕರು ಹೋದರೆ ವಂಶವೂ ಹೋಯಿತು. ಹೆಸರಿನಲ್ಲಿಯೂ ಗೊಂದಲ: ಕೆನೆಲ್ ಕ್ಲಬ್ ಆಫ್ ಇಂಡಿಯಾದವರು ಇದನ್ನು 'ಕಾರವಾನ್ ಹೌಂಡ್' ಎಂದರು, ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ಬಿನವರು 'ಮುಧೋಳ್ ಹೌಂಡ್' ಎಂದರು. ಈ ನಡುವೆ ಓಟದ ಆಸೆಗೆ ವಿಲಾಯತಿ ಗ್ರೇಹೌಂಡ್ ಬೆರೆಸಿದವರುಂಟು. ಒಂದೇ ಮನೆತನದ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸಿ ಬಲ ಕುಂದಿಸಿದವರೂ ಉಂಟು.

ಈಚಿನ ವರ್ಷಗಳಲ್ಲಿ ಗಾಳಿ ತಿರುಗಿದೆ. 2005ರ ಜನವರಿ 9ರಂದು ಅಂಚೆ ಇಲಾಖೆ ಈ ನಾಯಿಯ ಅಂಚೆಚೀಟಿ ಹೊರತಂದಿತು. ಬೀದರಿನ ಪಶು ವಿಶ್ವವಿದ್ಯಾಲಯವು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ತೆರೆಯಿತು. 2016ರಲ್ಲಿ ಭೂಸೇನೆಯವರು ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟರು. ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ದೇಶಿ ತಳಿಗಳ ಪಟ್ಟಿಗೆ ಸೇರಿಸಿತು. ಆದರೆ ಹೆಸರು ಬಂದಲ್ಲಿ ಬೆಲೆ ಬರುತ್ತದೆ, ಬೆಲೆ ಬಂದಲ್ಲಿ ಬೆರಕೆಯೂ ಬರುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲಿಯೇ.

ಆದ್ದರಿಂದ ನೀವು ಹೀಗೆ ಮಾಡಿರಿ.

ಮರಿಯ ಅಂದಕ್ಕೆ ಮರುಳಾಗಬೇಡಿರಿ. ತಾಯಿಯನ್ನು, ಸಾಧ್ಯವಾದರೆ ತಂದೆಯನ್ನು ಕಣ್ಣಾರೆ ನೋಡಿರಿ. ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ಶ್ವಾನ ತಳಿ ಸಂವರ್ಧನೆಯ ನಿಯಮಗಳಿಗೆ ವಿರುದ್ಧ, ನೀವೂ ಕೊಳ್ಳಬೇಡಿರಿ. ಮರಿಯ ಸಂಗಡ ನೋಂದಣಿ ಪತ್ರ ಕೇಳಿರಿ. ಕ್ಲಬ್ಬಿನ ಪ್ರದರ್ಶನಕ್ಕೆ ಈ ಪತ್ರವೂ, ಚರ್ಮದ ಕೆಳಗೆ ಕೂಡಿಸುವ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ಪೂ ಬೇಕು. ಹಳ್ಳಿಯ ನಾಯಿಗೆ ಪತ್ರವಿಲ್ಲದಿದ್ದರೆ ಧೈರ್ಯಗೆಡಬೇಡಿರಿ. ತೀರ್ಪುಗಾರರು ನಾಯಿಯನ್ನು ಪರೀಕ್ಷಿಸಿ ನೋಂದಾಯಿಸುವ ದಾರಿಯೂ ಇದೆ. ಕ್ಲಬ್ಬಿಗೆ ಬರೆದು ಕೇಳಿರಿ.

ಎರಡನೆಯದಾಗಿ, ತಳಿಯ ಲಕ್ಷಣಪಟ್ಟಿಯನ್ನು ಬಾಯಿಪಾಠ ಮಾಡಿರಿ. ಮುಧೋಳದ ಗಂಡುನಾಯಿ ಹೆಗಲಿನ ಹತ್ತಿರ ಸುಮಾರು 68ರಿಂದ 72 ಸೆಂಟಿಮೀಟರ್, ಹೆಣ್ಣು 64ರಿಂದ 68. ತೀರ್ಪುಗಾರನು ಒಂದು ನಾಯಿಯನ್ನು ಇನ್ನೊಂದರ ಜೊತೆಗಷ್ಟೇ ತೂಗುವುದಿಲ್ಲ. ಪ್ರತಿಯೊಂದನ್ನೂ ಈ ಪಟ್ಟಿಯ ಜೊತೆಗೆ ತೂಗುತ್ತಾನೆ. ನಿಮ್ಮ ನಾಯಿಯ ಐಬು ನಿಮಗೇ ಮೊದಲು ಕಾಣಬೇಕು.

ಮೂರನೆಯದು ಅಭ್ಯಾಸ. ಈ ಜಾತಿ ಸೂಕ್ಷ್ಮ ಸ್ವಭಾವದ್ದು. ಪರರ ಕೈ ಮೈಮೇಲೆ ಬಿದ್ದರೆ ಸೇರದು. ಹೊಡೆದು ಕಲಿಸಿದರೆ ಕೆಟ್ಟಿತೆಂದೇ ತಿಳಿಯಿರಿ. ಮರಿಯಾಗಿದ್ದಾಗಲೇ ದಿನಕ್ಕೆ ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿರಿ, ತುಟಿ ಎತ್ತಿ ಹಲ್ಲು ತೋರಿಸಿರಿ, ಸಡಿಲ ಹಗ್ಗದಲ್ಲಿ ನೇರ ಓಡಿಸಿರಿ. ನೆರೆಯವರಿಂದ ಮುಟ್ಟಿಸಿರಿ, ಜನಜಂಗುಳಿಗೆ ಒಯ್ಯಿರಿ. ಹುಚ್ಚುನಾಯಿ ರೋಗದ ಲಸಿಕೆ, ಜಂತಿನ ಔಷಧ ತಪ್ಪಬಾರದು. ಪ್ರದರ್ಶನಕ್ಕೆಂದು ತಿನ್ನಿಸಿ ದಪ್ಪ ಮಾಡಬೇಡಿರಿ. ಓಟದ ನಾಯಿಗೆ ಕೊಬ್ಬು ಶೋಭೆಯಲ್ಲ. ಓಟ ಪರೀಕ್ಷಿಸಲು ಮೊಲದ ಹಿಂದೆ ಬಿಡಲೂ ಕೂಡದು. ಅದು 1972ರ ವನ್ಯಜೀವಿ ಕಾಯಿದೆಗೆ ವಿರುದ್ಧ. ಬಯಲಿನಲ್ಲಿ ಓಡಿಸಿದರೆ ಸಾಕು.

ಮೊದಲ ಸಲವೇ ಬೆಂಗಳೂರಿನ ದೊಡ್ಡ ಕಣಕ್ಕೆ ಇಳಿಯಬೇಕೆಂದಿಲ್ಲ. ಮೈಸೂರಿನ ರೈತ ದಸರೆಯಲ್ಲಿ, ಕೃಷಿಮೇಳಗಳಲ್ಲಿ ನಾಯಿಗಳ ಪ್ರದರ್ಶನ ನಡೆಯುವುದುಂಟು. ಒಂದು ಸಲ ಬರಿಗೈಲಿ ಹೋಗಿ ನೋಡಿ ಬನ್ನಿರಿ. ಎರಡನೆಯ ಸಲ ನಾಯಿಯ ಸಂಗಡ ಹೋಗಿರಿ. ಸೋತರೆ ತೀರ್ಪುಗಾರನ ಮೇಲೆ ಸಿಟ್ಟಾಗಬೇಡಿರಿ. ತೀರ್ಪು ಮುಗಿದ ಮೇಲೆ ವಿನಯದಿಂದ "ಏನು ಕಮ್ಮಿಯಾಯಿತ್ರಿ?" ಎಂದು ಕೇಳಿರಿ. ಆ ಒಂದು ಮಾತಿನಲ್ಲಿ ವರ್ಷದ ಪಾಠ ಸಿಕ್ಕೀತು.

ಕಡೆಯ ಮಾತು. ಗೆದ್ದ ಬಟ್ಟಲಿಗೆ ಹತ್ತು ವರ್ಷದಲ್ಲಿ ಕಿಲುಬು ಹಿಡಿಯುತ್ತದೆ. ಆದರೆ ನೀವು ಇವತ್ತೇ ಒಂದು ಇಪ್ಪತ್ತು ಹಾಳೆಯ ಪುಸ್ತಕ ಕೊಂಡು, ನಿಮ್ಮ ನಾಯಿ ಹುಟ್ಟಿದ ದಿನ, ತಾಯಿ-ತಂದೆ, ಯಾವ ಊರಿನದು, ಎಷ್ಟು ಎತ್ತರ, ಯಾವ ಬಣ್ಣ, ಎಷ್ಟು ಮರಿ, ಯಾವ ಬೇನೆ ಎಂದು ಬರೆದಿಟ್ಟರೆ, ನಿಮ್ಮ ಮಗನ ಕಾಲಕ್ಕೆ ಅದೇ ತಳಿಯ ಬೇರು. ತಳಿಯನ್ನು ಸೃಷ್ಟಿಸಿದವರು ಹೊಲದವರು. ಅದನ್ನು ಬರೆದಿಡುವ ಕೆಲಸವನ್ನು ಮಾತ್ರ ಅವರು ಬೇರೆಯವರಿಗೆ ಬಿಟ್ಟರು. ಆತಕೂರಿನ ಒಡೆಯ ಕಾಳಿಯ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ. ನೀವು ಕಾಗದದಲ್ಲಿ ಬರೆದರೂ ಸಾಕು.