ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಕರ್ನಾಟಕ

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ ಅಥವಾ ಸ್ನಾತಕೋತ್ತರ ಓದಿಗೆ ಸೇರಿದವರಿಗೆ ಸರ್ಕಾರ ಕೊಡುವ ಹಣದ ನೆರವು. ಕರ್ನಾಟಕದಲ್ಲಿ ಇದಕ್ಕೆ ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಕೇಳಿಬರುವುದು ‘ಎಸ್‌ಎಸ್‌ಪಿ ಹಾಕಿದ್ಯಾ?’ ಎಂಬ ಪ್ರಶ್ನೆ.

ದೇಶಮಟ್ಟದಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಈ ಯೋಜನೆ ಶುರುವಾದದ್ದು 1944ರಲ್ಲಿ. ಆಗ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದ ಬಿ.ಆರ್. ಅಂಬೇಡ್ಕರ್ ಇಂಥ ನೆರವಿಗಾಗಿ ಪಟ್ಟು ಹಿಡಿದಿದ್ದರು. ಈಗ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳು ತಂತಮ್ಮ ನಿಯಮ ಹಿಡಿದು ಒಂದೇ ಪೋರ್ಟಲ್‌ನಲ್ಲಿ ಅರ್ಜಿ ಪಡೆಯುತ್ತವೆ. ಪರಿಶಿಷ್ಟ ಜಾತಿಯ ಯೋಜನೆಗೆ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ದಾಟಬಾರದು. 2021ರ ಮಾರ್ಗಸೂಚಿಯ ಪ್ರಕಾರ ಶುಲ್ಕವಲ್ಲದೆ ವರ್ಷಕ್ಕೆ 2,500ರಿಂದ 13,500 ರೂಪಾಯಿವರೆಗೆ ಭತ್ಯೆ ಸಿಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರ ಊಟ, ವಸತಿಗೆಂದು ‘ವಿದ್ಯಾಸಿರಿ’ ಬಂತು. ಮೊದಲಿಗೆ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ಬಸವರಾಜ ಬೊಮ್ಮಾಯಿ 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ ರೈತರ ಮಕ್ಕಳಿಗೆ ‘ರೈತ ವಿದ್ಯಾನಿಧಿ’ ಘೋಷಿಸಿದರು. ಆಗ ಅದರ ಮೊತ್ತ ಕೋರ್ಸ್‌ಗೆ ತಕ್ಕಂತೆ 2,500ರಿಂದ 11,000 ರೂಪಾಯಿ ಇತ್ತು. ಪ್ರತಿ ಹಂತದಲ್ಲೂ ಹುಡುಗಿಯರಿಗೆ 500 ಅಥವಾ 1,000 ರೂಪಾಯಿ ಹೆಚ್ಚಿತ್ತು.

ಅರ್ಜಿ ಹಾಕಲು ಬುದ್ಧಿವಂತಿಕೆಯೇನೂ ಬೇಡ, ದಾಖಲೆಗಳು ಒಂದಕ್ಕೊಂದು ತಾಳೆಯಾದರೆ ಸಾಕು. ಕಷ್ಟವಿರುವುದೂ ಅಲ್ಲೇ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕಾಲೇಜಿನ ದಾಖಲಾತಿ, ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರ ಎಲ್ಲವೂ ಒಬ್ಬರದೇ ಎಂದು ಕಂಪ್ಯೂಟರಿಗೆ ಒಪ್ಪಿಗೆಯಾಗಬೇಕು. ಅಂಕಪಟ್ಟಿಯಲ್ಲಿ ‘ಲತಾ ಎಸ್.’, ಆಧಾರಿನಲ್ಲಿ ‘ಲತಾ ಶಿವಣ್ಣ’ ಎಂದಿದ್ದರೆ ತೊಡಕು. ಕನ್ನಡದಲ್ಲಿ ಲತಾ ಎಂದೂ ಲತಾಳೇ. ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ‘ಟಿ’ ಪಕ್ಕ ‘ಎಚ್’ ಹಾಕಿ ಇನ್ನೊಬ್ಬ ಬಿಟ್ಟರೆ ಇಬ್ಬರಾಗಿಬಿಡುತ್ತಾಳೆ. ಆಧಾರ್ ತಿದ್ದುಪಡಿಗೆ ಸರದಿ ನಿಲ್ಲುವಷ್ಟರಲ್ಲಿ ಕೊನೆಯ ದಿನಾಂಕ ಬಂದಿರುತ್ತದೆ. ದಿನಾಂಕವನ್ನು ಮುಂದೂಡುವ ರೂಢಿಯೂ ಉಂಟು, ಆದರೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಜಾತಿ–ಆದಾಯ ಪ್ರಮಾಣಪತ್ರದ ಪ್ರತಿ ಲಗತ್ತಿಸುವ ಕಾಲ ಹೋಯಿತು. ಅದರ ಮೇಲಿನ, ‘ಆರ್‌ಡಿ’ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ನಮೂದಿಸಿದರೆ ವಿವರ ತಾನಾಗಿ ತೆರೆದುಕೊಳ್ಳುತ್ತದೆ. ಆದಾಯ ಪ್ರಮಾಣಪತ್ರದ ಆಯುಸ್ಸು 5 ವರ್ಷ. ಪಿಯುಸಿಗೆ ಮಾಡಿಸಿದ್ದನ್ನೇ ಡಿಗ್ರಿಗೂ ಬಳಸುವವರು ಕೆಲವೊಮ್ಮೆ ಸಿಕ್ಕಿಬೀಳುವುದು ಇದರಿಂದಲೇ. ವ್ಯಾಸಂಗ ಪ್ರಮಾಣಪತ್ರದಂಥ ಬೇರೆ ಕಾಗದಗಳನ್ನು ಕಾಲೇಜಿನ ಇ-ಅಟೆಸ್ಟೇಷನ್ ಅಧಿಕಾರಿಯ ಬಳಿ ದೃಢೀಕರಿಸಿಕೊಂಡು, ಅವರು ಕೊಡುವ ಐಡಿಯನ್ನು ಅರ್ಜಿಯಲ್ಲಿ ತುಂಬಬೇಕು.

ಅರ್ಜಿ ಮಂಜೂರಾದ ಮೇಲೂ ಒಂದು ಗಂಡಾಂತರ ಬಾಕಿ ಇರುತ್ತದೆ. ಹಣ ಬರುವುದು ವಿದ್ಯಾರ್ಥಿ ಬರೆದುಕೊಟ್ಟ ಖಾತೆ ಸಂಖ್ಯೆಗಲ್ಲ, ಆಧಾರ್ ಜೋಡಣೆಯಾದ ಖಾತೆಗೆ. ಒಂದಕ್ಕಿಂತ ಹೆಚ್ಚು ಖಾತೆಗಳಿಗೆ ಆಧಾರ್ ಕೊಟ್ಟಿದ್ದರೆ, ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಕೊನೆಗೆ ಸೇರಿದ ಬ್ಯಾಂಕಿಗೆ ಹಣ ಜಮೆ. ಊರಿನ ಬ್ಯಾಂಕಿನ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಕಾದವರ ದುಡ್ಡು, ಎಂದೋ ಸಿಮ್ ಕೊಂಡಾಗ ತೆರೆದ ಪೇಮೆಂಟ್ ಬ್ಯಾಂಕ್ ಖಾತೆಯಲ್ಲಿ ತಣ್ಣಗೆ ಕುಳಿತಿರಬಹುದು.

ಪರಿಶಿಷ್ಟ ಜಾತಿಯ ಯೋಜನೆಯಲ್ಲಿ ಕೇಂದ್ರದ ಪಾಲೂ ಹೀಗೆಯೇ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬೀಳುತ್ತದೆ. ಅದರಲ್ಲಿನ ಶುಲ್ಕದ ಮೊತ್ತವನ್ನು 7 ದಿನದೊಳಗೆ ಕಾಲೇಜಿಗೆ ಕಟ್ಟಬೇಕು. ಹಣ ಬರುವವರೆಗೆ ಕಾಲೇಜು ಕಾಯಬೇಕೆಂಬುದು ಕಾಗದದ ಮೇಲಿನ ಮಾತು. ಪರೀಕ್ಷೆ ಹತ್ತಿರ ಬಂದಾಗ ಹಾಲ್ ಟಿಕೆಟ್ ತಡೆಹಿಡಿದರೆಂಬ ದೂರು ಬರುವುದು ಈ ನಡುವಿನ ತಿಂಗಳುಗಳಲ್ಲಿ.