ಕನ್ನಡ ಕ್ರಿಕೆಟ್ ವೀಕ್ಷಕ ವಿವರಣೆ

ಕ್ರಿಕೆಟ್ ಪಂದ್ಯ ನಡೆಯುತ್ತಿರುವಾಗಲೇ ಟಿ.ವಿ., ಮೊಬೈಲ್ ಅಥವಾ ಮೈದಾನದ ಧ್ವನಿವರ್ಧಕದ ಮೂಲಕ ಕನ್ನಡದಲ್ಲಿ ನೀಡುವ ವಿವರಣೆ, ಆಡುಮಾತಿನಲ್ಲಿ ‘ಕಾಮೆಂಟರಿ’. ಊರ ಪಂದ್ಯಗಳಲ್ಲಿ ರೂಢಿಯಲ್ಲಿದ್ದ ಇದು ನಿವೃತ್ತ ಆಟಗಾರರಿಗೆ ಎರಡನೇ ವೃತ್ತಿಯಾಗಿ ಒದಗಿದ್ದು 2018ರ ಐಪಿಎಲ್ ಪ್ರಸಾರದ ನಂತರ.

ಬಾನುಲಿಯ ಕಾಲ
ಭಾರತದಲ್ಲಿ ಬಾನುಲಿ ವಿವರಣೆಗೆ ಹೆಸರು ತಂದವರು ಎ.ಎಫ್.ಎಸ್. ತಲ್ಯಾರ್‌ಖಾನ್. 1934ರಲ್ಲಿ ಮುಂಬೈಯ ಕ್ವಾಡ್ರಾಂಗ್ಯುಲರ್ (ನಾಲ್ಕು ತಂಡಗಳ) ಪಂದ್ಯಾವಳಿಯಿಂದ ಅವರ ಕೆಲಸ ಶುರುವಾಯಿತು. 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರಿನ ಮೊದಲ ಟೆಸ್ಟ್ ನಡೆಯಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಅಲ್ಲೇ. ಸುಮಾರು 200 ಕಿ.ಮೀ. ದೂರದ ಚಿತ್ರದುರ್ಗದವರಿಗೆ ಇಂಥ ಪಂದ್ಯವೆಂದರೆ ಟ್ರಾನ್ಸಿಸ್ಟರ್. ಆಕಾಶವಾಣಿಯ ರಾಷ್ಟ್ರೀಯ ಪ್ರಸಾರದಲ್ಲಿ ಇಂಗ್ಲಿಷ್, ಹಿಂದಿ ಸರದಿಯ ಮೇಲೆ ಬರುತ್ತಿದ್ದವು. ಭಾಷೆ ಪೂರಾ ತಿಳಿಯದವರೂ ಸ್ಕೋರು, ವಿಕೆಟ್ಟು, ಪ್ರೇಕ್ಷಕರ ಕೂಗನ್ನು ಹಿಡಿದು ಆಟ ಎತ್ತ ಸಾಗಿದೆ ಎಂದು ಅಂದಾಜಿಸುತ್ತಿದ್ದರು.

ಖಾಸಗಿ ವಾಹಿನಿಗಳು
ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ದಾವೆಗೆ ಮೂಲ 1993ರ ಹೀರೋ ಕಪ್ ಕ್ರಿಕೆಟ್ ಪಂದ್ಯಾವಳಿಯ ಪ್ರಸಾರ. ಆ ಬಳಿಕ ಪ್ರಸಾರ ಹಕ್ಕು ಹರಾಜಿನ ಸರಕಾಯಿತು. 2018–22ರ ಐಪಿಎಲ್ ಹಕ್ಕಿಗೆ ₹16,347.5 ಕೋಟಿ ತೆತ್ತ ಸ್ಟಾರ್ ಸಂಸ್ಥೆಗೆ ಇಂಗ್ಲಿಷ್, ಹಿಂದಿಯ ಆಚೆಗಿನ ಮನೆಗಳೂ ಬೇಕಿದ್ದವು. ಹೀಗೆ ಕನ್ನಡಕ್ಕೂ ಮೈಕು ಸಿಕ್ಕಿತು. 2023ರಲ್ಲಿ ಜಿಯೋಸಿನಿಮಾ ಉಚಿತವಾಗಿ 12 ಭಾಷೆಗಳಲ್ಲಿ ಪಂದ್ಯ ತೋರಿಸಿತು; ಕನ್ನಡವೂ ಅವುಗಳಲ್ಲಿತ್ತು.

ವಿವರಣೆಕಾರರು
1999ರ ನೈರೋಬಿ ಎಲ್‌ಜಿ ಕಪ್‌ನ ಸರಣಿಶ್ರೇಷ್ಠ ವಿಜಯ್ ಭಾರದ್ವಾಜ್ ಕನ್ನಡ ವಿವರಣೆಕಾರರ ಬಳಗದ ಹಿರಿಯರಲ್ಲೊಬ್ಬರು. ವೆಂಕಟೇಶ್ ಪ್ರಸಾದ್, ಜಿ.ಕೆ. ಅನಿಲ್ ಕುಮಾರ್, ಸಾಗರದ ಭರತ್ ಚಿಪ್ಲಿ ಅವರೂ ಮೈಕು ಹಿಡಿದರು. ಮಧ್ಯ ಕರ್ನಾಟಕದ ದಾವಣಗೆರೆಯಿಂದ ಬಂದವರು ಆರ್. ವಿನಯ್ ಕುಮಾರ್. 1984ರಲ್ಲಿ ಅವರು ಹುಟ್ಟಿದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. 2013–14, 2014–15ರಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 2021ರ ಫೆಬ್ರುವರಿಯಲ್ಲಿ ನಿವೃತ್ತರಾದ ಮೇಲೆ ಕನ್ನಡ ವಿವರಣೆಗೆ ಬಂದರು. ಹೊಸದುರ್ಗದ ನೆರೆಯ ಕಡೂರಿನ ವೇದಾ ಕೃಷ್ಣಮೂರ್ತಿ, 2017ರ ಮಹಿಳಾ ವಿಶ್ವಕಪ್ ಫೈನಲ್ ಆಡಿದವರು, ಪುರುಷರೇ ತುಂಬಿದ್ದ ಈ ಬಳಗ ಸೇರಿದರು.

ಪ್ರಾದೇಶಿಕ ಭಾಷೆಗಳ ವಿವರಣೆ ಬಹುಮಟ್ಟಿಗೆ ಸ್ಟುಡಿಯೋದಲ್ಲೇ ನಡೆಯುತ್ತದೆ. ಕ್ಯಾಮೆರಾ ತೋರಿಸಿದಷ್ಟೇ ವಿವರಣೆಕಾರರಿಗೂ ಕಾಣುವುದರಿಂದ, ಬೌಲರ್ ಏಕೆ ವೇಗ ತಗ್ಗಿಸಿದ, ಡೀಪ್ ಮಿಡ್‌ವಿಕೆಟ್‌ಗೆ ಆಳನ್ನು ಏಕೆ ಕಳಿಸಿದರು ಎಂಬುದನ್ನು ಆಡಿದ ಅನುಭವದಿಂದಲೇ ಹೇಳಬೇಕು. ಮಾಜಿ ಆಟಗಾರರಿಗೆ ಬೇಡಿಕೆ ಬಂದದ್ದು ಇದರಿಂದಲೇ.

ಊರ ಮೈದಾನದ ಮೈಕು
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲಿ ವಿವರಣೆಕಾರನ ಕೆಲಸ ಬೇರೆಯೇ. ಶಾಮಿಯಾನದ ಕೆಳಗೆ ಕೂತು ಸ್ಕೋರು ಹೇಳಬೇಕು, ಮುಂದಿನ ತಂಡವನ್ನು ಕರೆಯಬೇಕು, ಬಹುಮಾನದ ದಾನಿಗಳ ಹೆಸರು ಓದಬೇಕು, ಬೌಂಡರಿ ಗೆರೆ ದಾಟಿ ಒಳಬಂದ ಹುಡುಗರನ್ನು ಹಿಂದೆ ಸರಿಸಬೇಕು. ಎದುರಿಗೇ ಆಟ ನೋಡುತ್ತಿರುವವರಿಗೆ ಚೆಂಡಿನ ದಾರಿ ವಿವರಿಸಿದರೆ ಸಾಲದು. ಆಟಗಾರ ಯಾವ ಊರಿನವ, ಹಿಂದಿನ ಪಂದ್ಯದಲ್ಲಿ ಏನು ಮಾಡಿದ ಎಂಬುದೂ ಬೇಕು. ಇಂಥ ಪಂದ್ಯಗಳು ಈಗ ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಗುವುದರಿಂದ, ಕೆಲಸಕ್ಕೆಂದು ಬೆಂಗಳೂರು ಸೇರಿದವರೂ ತಮ್ಮೂರ ಕಾಮೆಂಟರಿ ಕೇಳಬಹುದು.