ಮೇಷ್ಟ್ರು ಬೆಂಚಿನ ಮೇಲೆ ಕೂತ ಬೇಸಿಗೆಗಳು

ಬೇಸಿಗೆ ರಜೆ ಎಂದರೆ ನಮಗೆಲ್ಲ ಅಜ್ಜಿಯ ಮನೆ, ಮಾವಿನ ಹಣ್ಣು. ಬಹ್ರೈನಿಗೆ ಬಂದ ಮೇಲೆ ರಜೆ ಜುಲೈ-ಆಗಸ್ಟ್‌ಗೆ ಜಾರಿತು. ಊರಿಗೆ ಹೋದರೆ ಸಿಗುವುದು ಮಳೆ ಮಾತ್ರ! ಮಕ್ಕಳ ರಜೆಯ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಮೇಷ್ಟ್ರ ರಜೆಯ ಬಗ್ಗೆ ಯೋಚಿಸುವುದು ಕಡಿಮೆ. ಅದಕ್ಕೂ ಒಂದು ಇತಿಹಾಸವಿದೆ.

1957ರ ಅಕ್ಟೋಬರ್ 4ರಂದು ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು. ಅಮೆರಿಕ ಬೆಚ್ಚಿಬಿದ್ದು ತನ್ನ ಹೈಸ್ಕೂಲುಗಳತ್ತ ತಿರುಗಿ ನೋಡಿತು. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಹೇಳುವ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಪದ್ಧತಿ ಆಗಲೇ ಶುರುವಾಗಿತ್ತು. ಎಂಐಟಿಯಲ್ಲಿ 1956ರಿಂದಲೇ ಹೊಸ ಭೌತಶಾಸ್ತ್ರದ ಪಠ್ಯ ಸಿದ್ಧವಾಗುತ್ತಿತ್ತು. ಆದರೆ ಪುಸ್ತಕ ಹೊಸದಾದರೆ ಸಾಕೇ? ಪಾಠ ಹೇಳುವವರು ಹಳಬರೇ ತಾನೇ! ಹಾಗಾಗಿ ರಜೆಯಲ್ಲಿ ಮೇಷ್ಟ್ರುಗಳನ್ನೇ ವಿಶ್ವವಿದ್ಯಾಲಯಕ್ಕೆ ಕರೆಸಿ ಕಲಿಸುವ ಬೇಸಿಗೆ ತರಗತಿಗಳಿಗೆ ಹಣ ಹರಿಯಿತು.

ಆ ಅಲೆ 1963ರಲ್ಲಿ ಭಾರತಕ್ಕೂ ಬಂತು. ಯುಜಿಸಿ, ಎನ್‌ಸಿಇಆರ್‌ಟಿಗಳು ಅಮೆರಿಕದ ನೆರವಿನೊಂದಿಗೆ ವಿಜ್ಞಾನ, ಗಣಿತದ ಅಧ್ಯಾಪಕರಿಗೆ ಬೇಸಿಗೆ ಶಿಬಿರಗಳನ್ನು ಆರಂಭಿಸಿದವು. ಅದೇ ವರ್ಷ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆಯಿತು. ಅಜ್ಮೀರ್, ಭೋಪಾಲ್, ಭುವನೇಶ್ವರದ ಕಾಲೇಜುಗಳು ಅದರ ಒಡಹುಟ್ಟಿದವು. ಇವಕ್ಕೆ ಮಾರ್ಗದರ್ಶನ ನೀಡಿದ್ದು ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ. ನಮ್ಮ ಎಚ್. ನರಸಿಂಹಯ್ಯನವರು ಡಾಕ್ಟರೇಟ್ ಪಡೆದದ್ದೂ ಅಲ್ಲೇ! 1966ರಿಂದ ಈ ಕಾಲೇಜುಗಳಲ್ಲಿ ತರಬೇತಿಯಿಲ್ಲದೆ ಕೆಲಸಕ್ಕೆ ಸೇರಿದ್ದ ಅಧ್ಯಾಪಕರಿಗಾಗಿ ಬೇಸಿಗೆ ಶಾಲೆ ಮತ್ತು ಅಂಚೆ ಪಾಠ ಎರಡೂ ಸೇರಿದ ಬಿ.ಇಡಿ. ಶುರುವಾಯಿತು. ವರ್ಷವಿಡೀ ಪಾಠ ಹೇಳಿ, ರಜೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ತಾವೇ ಬೆಂಚಿನ ಮೇಲೆ ಕೂತು ಓದಿದ ಮೇಷ್ಟ್ರುಗಳು ಅವರು.

ಆ ಪರಂಪರೆ ಇನ್ನೂ ಬತ್ತಿಲ್ಲ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ಹೈಸ್ಕೂಲು, ಪಿಯು ಅಧ್ಯಾಪಕರಿಗೆ ವಸತಿ ಸಹಿತ ತರಬೇತಿ ಕೊಡುತ್ತ ಬಂದಿದೆ. ಅಲ್ಲಿ ಭಾಷಣ ಕೇಳಿ ಎದ್ದು ಬರುವಂತಿಲ್ಲ, ಪ್ರಯೋಗಗಳನ್ನು ಕೈಯಾರೆ ಮಾಡಬೇಕು.

ಬಹ್ರೈನಿನ ದಾರಿ ಬೇರೆ. 1919ರಲ್ಲಿ ಮುಹರ್ರಕ್‌ನಲ್ಲಿ ಮೊದಲ ಆಧುನಿಕ ಶಾಲೆ ತೆರೆದಾಗ ಅಧ್ಯಾಪಕರು ಹೊರಗಿನ ಅರಬ್ ನಾಡುಗಳಿಂದ ಬರಬೇಕಾಯಿತು. ತನ್ನ ಮೇಷ್ಟ್ರುಗಳನ್ನು ತಾನೇ ತಯಾರು ಮಾಡಲು 2008ರಲ್ಲಿ ಬಹ್ರೈನ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರ ಕಾಲೇಜು ಆರಂಭವಾಯಿತು. 1950ರಲ್ಲಿ ಹುಟ್ಟಿದ ಇಂಡಿಯನ್ ಸ್ಕೂಲ್‌ನಂಥ ನಮ್ಮ ಮಕ್ಕಳ ಶಾಲೆಗಳಿಗೆ ಮಾತ್ರ ಇಂದಿಗೂ ಅಧ್ಯಾಪಕರು ಬರುವುದು ಹೆಚ್ಚಾಗಿ ಭಾರತದಿಂದಲೇ.

ಹಾಗಾಗಿ ಈ ಇತಿಹಾಸ ನಮಗೆ ದೂರದ್ದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಕಲಿಕೆ ಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಪರದೆಯ ಮುಂದೆ ಗಂಟೆ ಎಣಿಸುವುದಕ್ಕೂ ವಾರಗಟ್ಟಲೆ ಪ್ರಯೋಗಾಲಯದಲ್ಲಿ ಕೈಸುಟ್ಟುಕೊಂಡು ಕಲಿಯುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ಹನ್ನೆರಡನೇ ತರಗತಿಯ ಮಕ್ಕಳ ಟ್ಯೂಷನ್ನಿಗೆ ದಿನಾರುಗಳನ್ನು ಸುರಿಯುವ ನಾವು, ಅವರ ಮೇಷ್ಟ್ರಿಗೆ ಕಲಿಯಲು ಬಿಡುವು ಸಿಗುತ್ತಿದೆಯೇ ಎಂದು ಕೇಳಿದ್ದೇವೆಯೇ? ಪಠ್ಯವನ್ನು ಒಂದು ಆದೇಶದಿಂದ ಬದಲಿಸಬಹುದು. ಕಲಿಸುವವರ ಆತ್ಮವಿಶ್ವಾಸ ಹಾಗೆ ಬರುವುದಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಈ ಒಂದು ಪ್ರಶ್ನೆಯನ್ನೂ ಕೇಳೋಣ.